ಆತ್ ಬಿಡ್ರಿ ಅಂದ ಸಂಜೆ

ಆ ಚೆಂಡು ಬೇರೆ ಯಾವ ಕಡೆಗಾದರೂ ಹೋಗಬಹುದಿತ್ತು. ಬಾಸ್ಕೆಟ್‌ಬಾಲ್ ಕೋರ್ಟಿಗೆ ನಾಲ್ಕು ಬದಿ ಇವೆಯಲ್ಲ! ಆದರೆ ಕ್ಯಾಪ್ಟನ್ ಶ್ರೀಲಕ್ಷ್ಮಿಯ ಕೈ ತಪ್ಪಿದ ಚೆಂಡು ಪುಟಿಯುತ್ತ ಪುಟಿಯುತ್ತ ನೆಟ್ಟಗೆ ಗೇಟಿನ ಕಡೆಗೇ ಹೋಯಿತು. ಅದರ ಹಿಂದೆ ಓಡಿದ ಕೃಪಾ, ಚೆಂಡನ್ನು ಎತ್ತಿಕೊಂಡು ನಿಂತಿದ್ದವನ ಮುಖ ನೋಡಿ ಗಕ್ಕನೆ ನಿಂತುಬಿಟ್ಟಳು.

ಅವನೇ...

ಯಶವಂತ!

ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು. ಸ್ವಲ್ಪ ಇಳಿದ ಕೆನ್ನೆ. ಆದರೆ ಎದುರಿನವರು ಮಾತಾಡುವಾಗ ತಲೆಯನ್ನು ಒಂದಿಷ್ಟು ವಾಲಿಸಿ ಕೇಳುವ ಆ ನಿಲುವು ಮಾತ್ರ ಹಾಗೇ ಇತ್ತು.

"ಕೃಪಾ... ನೀವು ಇಲ್ಲಿ?"

ಅವಳು ಕೇಳಬೇಕಾದ ಪ್ರಶ್ನೆ ಒಂದೇ ಒಂದು. ಆರು ವರ್ಷದಿಂದ ಗಂಟಲಲ್ಲೇ ಕೂತ ಪ್ರಶ್ನೆ. ಅವತ್ತು ಯಾಕೆ ಬರಲಿಲ್ಲ? ಆದರೆ ಬಾಯಿಂದ ಬಂದದ್ದು ಬೇರೆಯೇ.

"ಚೆಂಡ್ ಕೊಡ್ರಿ. ಹುಡುಗ್ಯಾರು ಕಾಯಾಕತ್ತಾರ."

ಅಷ್ಟರಲ್ಲಿ ಹಿಂದಿನಿಂದ ಪ್ರಿನ್ಸಿಪಾಲರಾದ ಅಹಲ್ಯಾ ಮೇಡಂ ಸೀರೆಯ ನೆರಿಗೆ ಹಿಡಿದುಕೊಂಡು ಸರಸರನೆ ಬಂದರು. "ಕೃಪಾ! ವೀರೇ ಮನ ಕೊತ್ತ ಹೆಡ್ ಕೋಚ್! ಇದ್ದರೂ ಕನ್ನಡವಾಳ್ಳೇ ಕದಾ, ಇಂಕ ಪ್ರಾಬ್ಲಮ್ ಏಮುಂದಿ?"

ಇವರೇ ನಮ್ಮ ಹೊಸ ಹೆಡ್ ಕೋಚ್, ಇಬ್ಬರೂ ಕನ್ನಡದವರೇ, ಇನ್ನು ತೊಂದರೆ ಏನಿದೆ ಎಂದು ಅವರು ತಮ್ಮ ತೆಲುಗಿನಲ್ಲಿ ಹೇಳಿ ನಕ್ಕರು. ಪಾಪ, ಆ ತಾಯಿಗೇನು ಗೊತ್ತು! ಇಬ್ಬರೂ ಕನ್ನಡದವರಾಗಿದ್ದೇ ಈ ಕಥೆಯ ತೊಂದರೆ.

ಹೈದರಾಬಾದಿನ ತಾರ್ನಾಕದ ಆ ಮಹಿಳಾ ಕಾಲೇಜಿನಲ್ಲಿ ಕೃಪಾ ಬಾಸ್ಕೆಟ್‌ಬಾಲ್ ತಂಡದ ಅಸಿಸ್ಟೆಂಟ್ ಕೋಚ್. ಹಳೆಯ ಕೋಚ್ ಸುಬ್ಬರಾಯ ಸರ್ ನಿವೃತ್ತರಾದ ಮೇಲೆ ಆ ಜಾಗ ಅವಳಿಗೇ ಎಂದು ಹುಡುಗಿಯರೆಲ್ಲ ಮಾತಾಡಿಕೊಂಡಿದ್ದರು. ಆಡಳಿತ ಮಂಡಳಿ ಮಾತ್ರ ಚೆನ್ನೈಯಿಂದ ಅನುಭವಿ ಕೋಚ್ ಬರುತ್ತಾರೆ ಎಂದಿತು. ಬರಲಿ ಎಂದುಕೊಂಡಿದ್ದಳು ಅವಳು. ಬರುವವನು ಇವನು ಎಂದು ಯಾರಾದರೂ ಒಂದು ಮಾತು ಹೇಳಬಾರದಿತ್ತೇ?

ಆ ಸಂಜೆ ಮನೆಗೆ ಬಂದವಳ ಮುಖ ನೋಡಿ ತಾಯಿ ಉಮಾಬಾಯಿ ಒಲೆಯ ಉರಿ ಸಣ್ಣ ಮಾಡಿದರು.

"ಯಾಕವ್ವಾ, ಮುಖ ಸಣ್ಣ ಮಾಡ್ಕೊಂಡ್ ಬಂದಿ?"

"ಅಂವ ಬಂದಾನ ಅವ್ವಾ."

"ಯಾರು?"

"ಯಶವಂತ."

ಉಮಾಬಾಯಿಯ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಹಾಗೇ ಸೀದುಹೋಯಿತು. ಅವರು ಅದನ್ನು ತೆಗೆಯಲಿಲ್ಲ.

"ನಿಮ್ಮಪ್ಪ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಕುಂತಿದ್ದು ನನ್ನ ಕಣ್ಣಾಗಿಂದ ಇನ್ನೂ ಹೋಗವಲ್ದು..." ಎಂದರು ಅಷ್ಟೇ.

ಕೃಪಾಳ ಕಣ್ಣಿನಿಂದ ಮಾತ್ರ ಹೋಗಿತ್ತೇ?

ರಾಯಚೂರಿನಿಂದ ಬಂದು ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವಳ ಅಪ್ಪ ವೀರಭದ್ರಪ್ಪ. ಮಗಳು ಆಟ, ಮೈದಾನ ಎಂದು ಅಲೆದರೂ ಒಂದು ದಿನ ತಡೆದವರಲ್ಲ. ಆರು ವರ್ಷದ ಹಿಂದೆ ಅವಳು ಸಂಜೆ ಹೊತ್ತು ಕೊಂಡಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಳು. ಹತ್ತಿರದ ಐಟಿ ಕಂಪನಿಯಲ್ಲಿದ್ದ ಮೈಸೂರಿನ ಯಶವಂತನೂ ಆಫೀಸು ಮುಗಿಸಿ ಆಟ ಕಲಿಸಲು ಅಲ್ಲಿಗೇ ಬರುತ್ತಿದ್ದ. ಮಕ್ಕಳೊಂದಿಗೆ ಹಿಂದಿ, ಇಂಗ್ಲಿಷ್. ಮಕ್ಕಳು ಹೋದ ಮೇಲೆ ಇಬ್ಬರ ನಡುವೆ ಒಂದಿಷ್ಟು ಕನ್ನಡ. ಅವಳ ಮಾತು ಕೇಳಿ ಅವನು ನಗುತ್ತಿದ್ದ, ಅವನ ಮಾತು ಕೇಳಿ ಅವಳು ನಗುತ್ತಿದ್ದಳು. ಒಂದೇ ಬೇಸಿಗೆಯ ಪರಿಚಯ. ಪ್ರೀತಿಗೆ ಅಷ್ಟು ಸಾಕಾಯಿತು. ಭಾಷೆ ಪೂರ್ತಿ ತಿಳಿಯಲು ಸಾಕಾಗಲಿಲ್ಲ.

ಒಂದು ಶನಿವಾರ ಅವನು ಬೆವರೊರೆಸಿಕೊಳ್ಳುತ್ತ ಎದುರು ನಿಂತ.

"ಕೃಪಾ, ಚೆನ್ನೈನಲ್ಲಿ ಒಂದು ಅಕಾಡೆಮಿಯವರು ಕರೀತಿದಾರೆ. ಪೂರ್ತಿ ಕೋಚಿಂಗ್ ಕೆಲಸ. ಆದ್ರೆ ನೀವು ಹೂಂ ಅಂದ್ರೆ ನಾನು ಎಲ್ಲಿಗೂ ಹೋಗಲ್ಲ. ನಾಳೆ ನಿಮ್ಮನೆಗೆ ಬಂದು ಅಪ್ಪನ ಹತ್ರ ನಮ್ಮ ಮದುವೆ ವಿಷಯ ಮಾತಾಡ್ಲಾ?"

ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು. ಮುಖ ಎಲ್ಲಿಡುವುದು ತಿಳಿಯದೆ ಬಗ್ಗಿ, ಕಟ್ಟಿದ್ದ ಬೂಟಿನ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು.

"ಆತ್ ಬಿಡ್ರಿ."

"ಅಷ್ಟೇನಾ?"

"ಇನ್ನೇನ್ ಹೇಳ್ಬೇಕ್ರಿ? ಆತ್ ಬಿಡ್ರಿ ಅಂದ್ನಲ್ಲ!"

ಅವಳು ತಲೆಯೆತ್ತುವಷ್ಟರಲ್ಲಿ ಅವನು ಗೇಟು ದಾಟಿದ್ದ. ಇವನಿಗೂ ನಾಚಿಕೆಯೇ ಎಂದು ಅವಳು ಬಸ್ಸಿನಲ್ಲಿ ತಾರ್ನಾಕದವರೆಗೂ ಒಬ್ಬಳೇ ನಕ್ಕಳು.

ಮರುದಿನ ಭಾನುವಾರ. ವೀರಭದ್ರಪ್ಪ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ತಂದು ತೊಟ್ಟುಕೊಂಡರು. ಹೊರಗೆ ಆಟೋ ಸದ್ದಾದರೆ ಎದ್ದು ಕಿಟಕಿಗೆ ಹೋಗುವರು, ಮತ್ತೆ ಬಂದು ಕೂರುವರು. ಮಧ್ಯಾಹ್ನ ಸಂಜೆಯಾಯಿತು. ಕೃಪಾ ಫೋನ್ ಮಾಡಿದರೆ ಸ್ವಿಚ್ ಆಫ್. ದೀಪ ಹಚ್ಚುವ ಹೊತ್ತಿಗೆ ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, "ಊಟ ಮಾಡು ಮಗಳ," ಎಂದರು. ಮತ್ತೆಂದೂ ಆ ಹುಡುಗನ ಹೆಸರು ಎತ್ತಲಿಲ್ಲ. ಅವನು ಚೆನ್ನೈ ರೈಲು ಹತ್ತಿದ್ದು ಅವಳಿಗೆ ಸೋಮವಾರ ಅಪಾರ್ಟ್‌ಮೆಂಟಿನ ವಾಚ್‌ಮನ್ ಹೇಳಿ ತಿಳಿಯಿತು.

ಕೆಲಸ ಸಿಕ್ಕಿತು, ನಾನು ಬೇಡವಾದೆ... ಎಂದುಕೊಂಡಳು ಕೃಪಾ. ಎರಡನೇ ಸಲ ಫೋನ್ ಮಾಡಲು ಅವಳ ಸ್ವಾಭಿಮಾನ ಬಿಡಲಿಲ್ಲ. ಆಮೇಲೆ ಬಂದ ಸಂಬಂಧಗಳಿಗೆಲ್ಲ ಏನೋ ಒಂದು ನೆಪ ಹೇಳಿದಳು. ಎರಡು ವರ್ಷದ ಹಿಂದೆ ವೀರಭದ್ರಪ್ಪ ತೀರಿಕೊಂಡರು.

ಈಗ ನೀವೇ ಹೇಳಿ, ಅಂಥವನ ಜೊತೆ ದಿನಾ ಬೆಳಗ್ಗೆ ಒಂದೇ ಕೋರ್ಟಿನಲ್ಲಿ ನಿಲ್ಲುವುದು ಸುಲಭವೇ?

ನಿಂತಳು. ಹುಡುಗಿಯರ ಸಲುವಾಗಿ ನಿಂತಳು. ಅವನು ಅಸಾಮಾನ್ಯ ಕೋಚ್ ಎಂಬುದನ್ನು ಅವಳು ಒಪ್ಪಲೇಬೇಕಾಯಿತು. ಕೂಗಾಡುವವನಲ್ಲ. ತಪ್ಪು ಪಾಸ್ ಕೊಟ್ಟ ಹುಡುಗಿಯನ್ನು ಪಕ್ಕಕ್ಕೆ ಕರೆದು, ಅವಳಿಂದಲೇ ಉತ್ತರ ಹೊರಡಿಸುವವನು. ಹುಡುಗಿಯರು ಸಾರ್ ಸಾರ್ ಎನ್ನುತ್ತ ಅವನ ಸುತ್ತ ನೆರೆಯತೊಡಗಿದರು. ಸೀಸನ್ನಿನ ಮೊದಲ ಪಂದ್ಯಗಳನ್ನು ತಂಡ ಗೆದ್ದೇ ಗೆದ್ದಿತು.

ಇವರಿಬ್ಬರ ನಡುವೆ ಮಾತ್ರ ಡಿಫೆನ್ಸ್, ಫ್ರೀ ಥ್ರೋ, ನೀರಿನ ಬಾಟಲಿ ಬಿಟ್ಟರೆ ಬೇರೆ ಮಾತಿಲ್ಲ.

ಒಂದು ಸಂಜೆ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುವಾಗ ಅವನು ಮೆಲ್ಲಗೆ ಕೇಳಿದ.

"ಮನೇಲಿ ಅಪ್ಪ ಹೇಗಿದಾರೆ?"

ಅವಳ ಕೈ ನಿಂತಿತು. "ಅಪ್ಪ ಇಲ್ಲ. ಎರಡು ವರ್ಷ ಆತು."

"ಅಯ್ಯೋ... ನಂಗೆ ಗೊತ್ತೇ ಇರ್ಲಿಲ್ಲ ಕೃಪಾ."

"ನಿಮಗ ಹೆಂಗ್ ಗೊತ್ತಾಗ್ಬೇಕ್ರಿ? ನೀವು ನಮ್ಮನಿ ಮೆಟ್ಲಾ ಹತ್ತಿದವ್ರಲ್ಲ."

ಬೇಡ ಎಂದವಳು ತಾನೇ, ಈಗ ಹೀಗೆ ಚುಚ್ಚುತ್ತಾಳಲ್ಲ... ಎಂಬ ಮಾತು ಯಶವಂತನ ನಾಲಿಗೆಯವರೆಗೆ ಬಂತು. ತಂದೆಯನ್ನು ಕಳೆದುಕೊಂಡವಳ ಎದುರು ಅದನ್ನು ಆಡಲಾರದೆ ನುಂಗಿಕೊಂಡ. ಅವನು ಮೌನವಾಗಿದ್ದುದನ್ನು ಅವಳು ತಪ್ಪಿತಸ್ಥನ ಮೌನ ಎಂದುಕೊಂಡಳು. ಇಬ್ಬರೂ ಎಷ್ಟು ಜಾಣರು ನೋಡಿ! ಎದುರಿನವರ ಮನಸ್ಸಿನಲ್ಲಿ ಇರುವುದೆಲ್ಲ ತಮಗೆ ಗೊತ್ತು ಎಂದುಕೊಂಡೇ ಆರು ವರ್ಷ ಕಳೆದವರು.

ಲೀಗಿನ ಕೊನೆಯ ಪಂದ್ಯ ಹತ್ತಿರ ಬಂತು. ಅದನ್ನು ಗೆದ್ದರೆ ಗುಂಪಿನಲ್ಲಿ ಮೊದಲ ಸ್ಥಾನ. ಸೆಮಿಫೈನಲ್‌ನಲ್ಲಿ ಸುಲಭದ ಎದುರಾಳಿ. ಸೋತರೆ ಕಳೆದ ವರ್ಷದ ಚಾಂಪಿಯನ್ನರ ಎದುರು ನಿಲ್ಲಬೇಕು.

ತಂಡದಲ್ಲಿ ಕನ್ನಡದ ಹುಡುಗಿ ಒಬ್ಬಳೇ, ಲಿಂಗಸುಗೂರಿನ ಶೈಲಶ್ರೀ. ಹಾಸ್ಟೆಲಿನಲ್ಲಿದ್ದವಳು. ಬಾಯಿ ಬಡಪಾಯಿ, ಕಾಲು ಮಿಂಚು. ಪಂದ್ಯದ ಹಿಂದಿನ ದಿನ ಯಶವಂತ ಅವಳನ್ನು ಕರೆದ.

"ಶೈಲಶ್ರೀ, ನಾಳೆ ನೀನು ಪಾಯಿಂಟ್ ಗಾರ್ಡ್. ಚೆಂಡು ನಿನ್ನ ಕೈಲಿರುತ್ತೆ, ಆಟ ನಡೆಸೋಳು ನೀನೇ. ಆಗುತ್ತಾ ನಿಂಗೆ?"

ಇಷ್ಟು ದೊಡ್ಡ ಜವಾಬ್ದಾರಿ! ಹುಡುಗಿ ಸಂತೋಷ, ಸಂಕೋಚ ಎರಡಕ್ಕೂ ತಲೆ ತಗ್ಗಿಸಿದಳು.

"ಆತ್ ಬಿಡ್ರಿ ಸರ್."

ಯಶವಂತನ ಮುಖ ಕಪ್ಪಿಟ್ಟಿತು. "ಏನಂದೆ?"

"ಆತ್ ಬಿಡ್ರಿ ಅಂದೆ ರೀ ಸರ್..."

ಕೋರ್ಟಿನ ಆಚೆ ತುದಿಯಲ್ಲಿ ಕೃಪಾ ಯಾರದೋ ಉಳುಕಿದ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದಳು. ಆ ಮಾತು ಅವಳ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ!

ಮರುದಿನ ಪಂದ್ಯ ಶುರುವಾದಾಗ ಶೈಲಶ್ರೀ ಬೆಂಚಿನ ಮೇಲಿದ್ದಳು.

"ಶೈಲಶ್ರೀ ಯಾಕ ಕುಂತಾಳ್ರೀ?" ಕೃಪಾ ಗಾಬರಿಯಿಂದ ಕೇಳಿದಳು.

"ಅವಳಿಗೆ ಇಷ್ಟ ಇಲ್ಲ. ಇಷ್ಟ ಇಲ್ಲದೋರನ್ನ ನಾನು ಬಲವಂತ ಮಾಡಲ್ಲ."

"ಅಕಿ ಹಂಗಂದ್ಲಾ?"

"ನನ್ನ ಮುಖದ ಮೇಲೇ ಅಂದ್ಲು."

ಸೀಟಿ ಮೊಳಗಿತು. ಕೇಳಿ ತಿಳಿಯಲು ಸಮಯವಿರಲಿಲ್ಲ. ಕ್ಯಾಪ್ಟನ್ ಶ್ರೀಲಕ್ಷ್ಮಿ ಒಬ್ಬಳೇ ಎಷ್ಟು ಓಡಿಯಾಳು? ಚೆಂಡು ಮುಂದಕ್ಕೆ ಒಯ್ಯುವವರಿಲ್ಲದೆ ತಂಡ ಏದುಸಿರು ಬಿಟ್ಟಿತು. ಒಂದೇ ಬಾಸ್ಕೆಟ್ ಅಂತರದಲ್ಲಿ ಸೋತರು.

ಡ್ರೆಸ್ಸಿಂಗ್ ರೂಮಿನಲ್ಲಿ ಶೈಲಶ್ರೀ ಟವೆಲಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು.

"ನಂದೇನ್ ತಪ್ಪಾತ್ರಿ ಅಕ್ಕಾ? ಸರ್ ಕೇಳಿದ್ರು, ನಾ ಹೂಂ ಅಂದೆ. ಆದ್ರೂ ಕುಂದರಿಸಿಬಿಟ್ರು..."

"ಹೂಂ ಅಂದಿ? ಖರೇ ಹೇಳು, ಏನ್ ಅಂದಿ?"

"ಆತ್ ಬಿಡ್ರಿ ಸರ್ ಅಂದೆ. ಒಮ್ಮೆ ಅಲ್ಲ, ಎರಡು ಸಲ ಅಂದೆ!"

ಕೃಪಾಳಿಗೆ ಸಿಟ್ಟು ನೆತ್ತಿಗೇರಿತು. ಮಾತು ಕೊಟ್ಟವರನ್ನು ಹೀಗೆ ಕೈಬಿಡುವುದು ಇವನಿಗೆ ಅಭ್ಯಾಸವೇ ಆಗಿಬಿಟ್ಟಿದೆಯಲ್ಲ! ಹೊರಗೆ ಖಾಲಿ ಗ್ಯಾಲರಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತವನ ಮುಂದೆ ಹೋಗಿ ನಿಂತಳು.

"ಆ ಹುಡುಗಿ ಹೂಂ ಅಂದಾಳ! ಹೂಂ ಅಂದಕೀನ ತಂದು ಬೆಂಚ್ ಮ್ಯಾಲ ಕುಂದರಿಸೀರಲ್ಲ, ನಿಮಗೇನ್ ಮನಸ್ಸೈತೋ ಇಲ್ಲೋ?"

"ಹೂಂ ಅಂದ್ಲಾ?" ಯಶವಂತ ಸರ್ರನೆ ಎದ್ದ. "ನನ್ನೆದುರಿಗೇ 'ಆತ್ ಬಿಡ್ರಿ' ಅಂದ್ಲು ಕೃಪಾ. ಎರಡು ಸಲ!"

"ಮತ್ತ? ಅದು ಹೂಂ ಅಲ್ಲೇನು?"

"ಅದು ಹೇಗೆ ಹೂಂ ಆಗುತ್ತೆ? ಮುಖ ಕೆಳಗೆ ಹಾಕ್ಕೊಂಡು ಆಯ್ತು ಬಿಡಿ ಅಂದ್ರೆ... ಸಾಕು, ಆ ಮಾತು ಎತ್ತಬೇಡಿ ಅಂತ ತಾನೇ?"

"ಅಯ್ಯ ನನ್ನ ಶಿವನೇ! ನಮ್ಮ ಕಡೆ ಆತ್ ಬಿಡ್ರಿ ಅಂದ್ರ ಒಪ್ಪಿಗಿ ರೀ! ಆಗ್ಲಿ, ನೀವು ಚಿಂತಿ ಮಾಡಬ್ಯಾಡ್ರಿ ಅಂತ. ಸಂಬಂಧ ಕುದುರಿಸುವಾಗ ನಮ್ಮ ಹಿರ್ಯಾರೂ ಅದನ್ನ ಅಂತಾರ. ಹೆಣ್ಣಿನ ಕಡ್ಯಾರು ಆತ್ ಬಿಡ್ರಿ ಅಂದ್ರು ಅಂದ್ರ ಮುಗೀತು, ಮದುವಿನ..."

ಅವಳ ಮಾತು ಅಲ್ಲೇ ನಿಂತಿತು.

ಯಶವಂತ ಅವಳನ್ನೇ ನೋಡುತ್ತಿದ್ದ.

"ಕೃಪಾ..." ಅವನು ಒಂದು ಹೆಜ್ಜೆ ಮುಂದೆ ಬಂದ. "ಅವತ್ತು... ಕೊಂಡಾಪುರದಲ್ಲಿ..."

ಕೃಪಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಇಲ್ಲ... ಇಲ್ಲ... ಹಾಗಾಗಿರಬಾರದು ದೇವರೇ!

"ಅವತ್ತು ನೀವು ನನ್ನ ಮುಖ ಕೂಡ ನೋಡ್ಲಿಲ್ಲ," ಅವನು ಒಂದೊಂದೇ ಮಾತು ಹೊರಗೆ ತಂದ. "ಲೇಸ್ ಕಟ್ತಾ ಆತ್ ಬಿಡ್ರಿ ಅಂದ್ರಿ. ನಂಬೋಕಾಗದೆ ಅಷ್ಟೇನಾ ಅಂದೆ. ಇನ್ನೇನು ಹೇಳಬೇಕು ಅಂದ್ರಿ. ನಾನು ರೂಮಿಗೆ ಹೋಗಿ ಬಟ್ಟೆ ತುಂಬಿಕೊಂಡೆ."

"ನಾ ಮನೀಗೆ ಹೋಗಿ ಅಪ್ಪಗ ಹೇಳ್ದೆ..." ಅವಳ ಕಣ್ಣು ತುಂಬಿ ಅವನ ಮುಖ ಮಂಜಾಯಿತು. "ಹುಡುಗ ನಾಳೆ ಬರ್ತಾನ ಅಂತ ಹೇಳ್ದೆ. ಅಪ್ಪ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಬಂದ್ರು. ಬೆಳಗಿನಿಂದ ಸಂಜೀ ತನಕ ಕುಂತಿದ್ರು ರೀ. ನಿಮ್ಮ ದಾರಿ ನೋಡ್ಕೋತ..."

"ನನಗಾಗಿ ಕಾದ್ರಾ?"

"ಇಡೀ ದಿನ!"

ಯಶವಂತ ಮೆಟ್ಟಿಲ ಮೇಲೆ ಕುಸಿದು ಕೂತ. ಮಾತಾಡಿದಾಗ ತನಗೆ ತಾನೇ ಹೇಳಿಕೊಳ್ಳುವಂತಿತ್ತು.

"ರೈಲು ಇಳಿದು ಫೋನ್ ಆನ್ ಮಾಡಿದಾಗ ನಿಮ್ಮ ಮಿಸ್ಡ್ ಕಾಲ್ ಮೆಸೇಜ್ ಬಂತು. ಬೇಡ ಅಂದು ಬೇಜಾರಾಗಿರಬೇಕು, ಸಮಾಧಾನ ಹೇಳೋಕೆ ಮಾಡಿದ್ದಾರೆ ಅಂದ್ಕೊಂಡೆ. ನಿಮ್ಮ ಸಮಾಧಾನ ಬೇಡ ಅನ್ನಿಸ್ತು. ವಾಪಸ್ ಮಾಡ್ಲಿಲ್ಲ. ಒಂದೇ ಒಂದು ಸಲ ಮಾಡಿದ್ರೆ ಸಾಕಿತ್ತು..."

"ನಾನೂ ಎರಡನೇ ಸಲ ಮಾಡ್ಲಿಲ್ಲ."

ಬಯ್ಯಲು ಯಾರೂ ಉಳಿಯಲಿಲ್ಲ. ಆರು ವರ್ಷ ಎದೆಯಲ್ಲಿ ಸಾಕಿದ ಸಿಟ್ಟು ಒಮ್ಮೆಲೇ ಹೋಗಿಬಿಟ್ಟರೆ ಮನುಷ್ಯ ಹಗುರಾಗುತ್ತಾನೆ ಎಂದುಕೊಳ್ಳುತ್ತೇವೆ. ಕೃಪಾಳಿಗೆ ಹಾಗಾಗಲಿಲ್ಲ. ಸಿಟ್ಟು ಇದ್ದಷ್ಟು ದಿನ, ತಪ್ಪು ಅವನದು ಎಂದು ಒರಗಿಕೊಳ್ಳಲು ಒಂದು ಗೋಡೆಯಾದರೂ ಇತ್ತು.

"ಕೃಪಾ, ಈಗಲಾದ್ರೂ ನಾವು..."

"ಬ್ಯಾಡ್ರಿ." ಅವಳು ಕಣ್ಣೊರೆಸಿಕೊಂಡಳು. "ಈಗ ತಿಳದು ಏನ್ ಮಾಡೋದೈತಿ? ನೀವು ಯಾಕ ಬರ್ಲಿಲ್ಲ ಅನ್ನೋದು ತಿಳೀದನ ಅಪ್ಪ ಹೋಗಿಬಿಟ್ರು. ಅವರಿಗೆ ಯಾರು ಹೇಳ್ತಾರ?"

ಅವಳು ತಿರುಗಿ ನೋಡದೆ ಹೊರಟುಹೋದಳು.

ಮರುದಿನ ಬೆಳಗ್ಗೆ ಇಡೀ ತಂಡದ ಎದುರಿಗೆ ಯಶವಂತ ಶೈಲಶ್ರೀಯ ಮುಂದೆ ನಿಂತ.

"ತಪ್ಪು ನಂದು ಕಣಮ್ಮಾ. ನೀನು ಹೂಂ ಅಂದಿದ್ದೆ. ನಂಗೆ ಅರ್ಥ ಆಗ್ಲಿಲ್ಲ. ಅರ್ಥ ಆಗದಿದ್ರೆ ಇನ್ನೊಂದು ಸಲ ಕೇಳಬೇಕಿತ್ತು, ಕೇಳ್ಲಿಲ್ಲ."

ಹುಡುಗಿ ಗಾಬರಿಯಾಗಿ, "ಇರ್ಲಿ ಬಿಡ್ರಿ ಸರ್!" ಎಂದಳು. ಎಂದವಳೇ ನಾಲಿಗೆ ಕಚ್ಚಿಕೊಂಡು, "ಅಂದ್ರ... ಪರವಾಗಿಲ್ಲ ಅಂತ ರೀ ಸರ್, ಅಷ್ಟ!" ಎಂದು ಸೇರಿಸಿದಳು. ತೆಲುಗು ಹುಡುಗಿಯರಿಗೆ ಏನೂ ತಿಳಿಯದಿದ್ದರೂ ಎಲ್ಲರೂ ನಕ್ಕರು. ಯಶವಂತನೂ ನಗಲು ಪ್ರಯತ್ನಿಸಿದ. ಕೃಪಾ ಮಾತ್ರ ಚೆಂಡು ತರುವ ನೆಪದಲ್ಲಿ ಆಚೆ ಹೋದಳು. ಈ ಒಂದು ಮಾತು, ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳಬೇಕು ಎನ್ನುವುದು, ಅವತ್ತೇ ಅವನಿಗೆ ಹೊಳೆದಿದ್ದರೆ...

ಅವತ್ತೇ ನಾನು ತಲೆಯೆತ್ತಿ ನೋಡಿದ್ದರೆ...

ಸೆಮಿಫೈನಲ್‌ನಲ್ಲಿ ಶೈಲಶ್ರೀ ಆಡಿದ ಆಟವನ್ನು ಆ ಮೈದಾನದಲ್ಲಿದ್ದವರು ಬೇಗ ಮರೆಯುವುದಿಲ್ಲ. ಚಾಂಪಿಯನ್ ತಂಡದ ಎತ್ತರದ ಹುಡುಗಿಯರ ನಡುವೆ ನುಸುಳಿ ನುಸುಳಿ ಚೆಂಡು ತಂದು ಶ್ರೀಲಕ್ಷ್ಮಿಗೆ ಕೊಡುತ್ತಿದ್ದಳು. ಕೊನೆಯ ನಿಮಿಷದವರೆಗೂ ಯಾರು ಗೆಲ್ಲುತ್ತಾರೆಂದು ಹೇಳುವಂತಿರಲಿಲ್ಲ. ಆದರೂ ಸೋತರು. ಹೋದ ಪಂದ್ಯ ಗೆದ್ದಿದ್ದರೆ ಇವರ ಎದುರು ಈಗಲೇ ಆಡಬೇಕಾಗಿರಲಿಲ್ಲ ಎಂಬುದು ಬೆಂಚಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಯಶವಂತ ಒಬ್ಬೊಬ್ಬರ ತಲೆ ಮೇಲೂ ಕೈಯಿಟ್ಟು, ಕೊನೆಗೆ ತಾನೂ ಗೋಡೆಯ ಕಡೆ ತಿರುಗಿ ನಿಂತ.

ಸೀಸನ್ ಮುಗಿಯಿತು.

ಆ ಸಂಜೆ ಕೃಪಾ ತಾಯಿಗೆ ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಹೇಳಲು ಧೈರ್ಯವಾಗಿರಲಿಲ್ಲ. ಉಮಾಬಾಯಿ ಕೇಳುತ್ತ ಕೇಳುತ್ತ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡರು.

"ಇಷ್ಟ ಏನು? ಇಷ್ಟಕ್ಕ ಆ ಹುಡುಗ ಊರು ಬಿಟ್ಟು ಹೋದ್ನಾ?"

"ಅಪ್ಪಗ ಎಷ್ಟು ಅವಮಾನ ಆಗಿತ್ತೋ ಅವ್ವಾ. ಹೆಸರು ಸುದ್ದಾ ಎತ್ತಲಿಲ್ಲ."

"ಅವಮಾನ?" ಉಮಾಬಾಯಿ ಮಗಳನ್ನು ಅಚ್ಚರಿಯಿಂದ ನೋಡಿದರು. "ನಿಮ್ಮಪ್ಪಗ ಸಿಟ್ಟ ಇರ್ಲಿಲ್ಲವ್ವಾ. ನೀ ಮಲಗಿದ ಮ್ಯಾಲ ಏನಂದ್ರು ಗೊತ್ತೇನು? 'ಆ ಹುಡುಗಗ ದಾರ್ಯಾಗ ಏನರೆ ಆಗೇತೇನೋ ಉಮಾ, ಯಾರನ್ನ ಕೇಳೂದು?' ಅಂದ್ರು. ನಿನಗ ನೋವಾಗ್ತೈತಿ ಅಂತ ಹೆಸರೆತ್ತಲಿಲ್ಲ. ಅಂವ ಎಲ್ಲರೆ ಸುಖವಾಗಿದ್ರ ಸಾಕು ಅಂತಿದ್ರು."

ಕೃಪಾ ಬಿಟ್ಟ ಕಣ್ಣು ಬಿಟ್ಟಂತೆ ಕೂತಳು. ಅಪ್ಪನ ಮೌನವನ್ನೂ ನಾನೇ ಅರ್ಥ ಮಾಡಿಕೊಂಡಿದ್ದೆ. ಅದನ್ನೂ ತಪ್ಪಾಗಿ!

ಆಮೇಲೆ ಅವಳು ಅತ್ತಳು. ಅಪ್ಪ ಹೋದ ದಿನ ಅತ್ತಿದ್ದಕ್ಕಿಂತ ಹೆಚ್ಚು ಅತ್ತಳು.

ಮರುದಿನ ಕಾಲೇಜಿಗೆ ಹೋದಾಗ ಯಶವಂತ ಸ್ಪೋರ್ಟ್ಸ್ ರೂಮಿನಲ್ಲಿ ತನ್ನ ಸಾಮಾನು ಚೀಲಕ್ಕೆ ಹಾಕುತ್ತಿದ್ದ.

"ಈ ಸೀಸನ್ನಿಗೆ ಅಂತ ಬಂದಿದ್ದೆ," ಎಂದ, ತಲೆಯೆತ್ತದೆ. "ಮೇಡಂ ಮುಂದುವರಿಸಿ ಅಂತಿದಾರೆ. ಚೆನ್ನೈನವರೂ ಕರೀತಿದಾರೆ. ನಾನು ಹೋಗೋದೇ ಒಳ್ಳೇದು ಕೃಪಾ. ಈ ಜಾಗ ನಿಮ್ಮದು, ಮೇಡಂಗೂ ಹಾಗೇ ಹೇಳಿದೀನಿ. ದಿನಾ ನನ್ನ ಮುಖ ನೋಡಿದಾಗೆಲ್ಲ ನಿಮಗೆ ಅಪ್ಪ ಕಾದಿದ್ದು ನೆನಪಾಗುತ್ತೆ. ಅಷ್ಟು ಸಾಕು ನಂಗೆ ಶಿಕ್ಷೆ."

ಮತ್ತೆ ಚೆನ್ನೈ. ಮತ್ತೆ ಚೀಲ ತುಂಬುವ ಕೈಗಳು. ಅವಳು ಈಗ ಸುಮ್ಮನೆ ನಿಂತರೆ ಸಾಕು, ಇವನು ಮತ್ತೆ ರೈಲು ಹತ್ತುತ್ತಾನೆ. ಈ ಸಲ ಹೋದರೆ ತಪ್ಪು ಯಾವ ಊರಿನ ಮಾತಿನದೂ ಅಲ್ಲ, ಪೂರ್ತಿ ಅವಳದೇ.

"ಯಶವಂತ ಅವರ, ಇಲ್ಲಿ ನೋಡ್ರಿ. ನನ್ನ ಮುಖ ನೋಡ್ರಿ."

ಅವನು ನೋಡಿದ. ಅವಳ ಕಿವಿ ಕೆಂಪಾಗಿತ್ತು. ಆದರೆ ಅವಳು ತಲೆ ತಗ್ಗಿಸಲಿಲ್ಲ.

"ನನಗ ನೀವಂದ್ರ ಪ್ರೀತಿ. ಆಗೂ ಇತ್ತು, ನಡಕ ಸಿಟ್ಟು ಬಂದಾಗೂ ಇತ್ತು, ಈಗೂ ಐತಿ. ನಾ ನಿಮ್ಮನ್ನ ಮದುವಿ ಆಗ್ತೀನಿ. ನೀವು ಚೆನ್ನೈಗೆ ಹೋಗೂದು ನನಗ ಬ್ಯಾಡ. ಇದರಾಗ ನಿಮಗ ತಿಳೀದ ಮಾತು ಯಾವ್ದರೆ ಐತೇನ್ರಿ? ಇದ್ರ ಈಗನ ಕೇಳ್ರಿ!"

ಯಶವಂತನ ಕೈಯಿಂದ ಚೀಲ ಜಾರಿತು. ಅವನ ಕಣ್ಣು ತುಂಬಿ ಬಂದಿದ್ದರೂ ನಗು ತಡೆಯಲಾಗಲಿಲ್ಲ.

"ಇಲ್ಲ ಕೃಪಾ... ಎಲ್ಲಾ ತಿಳೀತು. ಆದ್ರೂ ಇನ್ನೊಂದ್ ಸಲ ಹೇಳ್ತೀರಾ?"

"ಹೇಳ್ತೀನಿ. ದಾರ್ಯಾಗ ಹೇಳ್ತೀನಿ. ಮೊದಲು ನಡೀರಿ, ಮನೀಗೆ ಹೋಗೋಣು."

"ಈಗ್ಲೇನಾ? ಬಟ್ಟೆ ನೋಡಿ ಹೇಗಿದೆ!"

"ಹಿಂಗ ಬರ್ರಿ. ಕಾದಿದ್ದು ಸಾಕಾಗೇತಿ."

ಕಾಲೇಜಿನಿಂದ ಅವಳ ಮನೆ ದೂರವೇನಲ್ಲ. ಹಳೆಯ ವಿಶ್ವವಿದ್ಯಾಲಯದ ಮರಗಳ ನೆರಳಲ್ಲಿ ಇಬ್ಬರೂ ನಡೆದೇ ಬಂದರು. ಅವಳು ಹೇಳಿದ ಮಾತನ್ನು ಮತ್ತೆ ಹೇಳಿದಳು. ಅವನು ತಾನೂ ಹೇಳಿದ, ಚೆನ್ನೈಯಲ್ಲಿ ಕಳೆದ ವರ್ಷಗಳ ಬಗ್ಗೆ, ಬೇರೆ ಯಾರನ್ನೂ ಮನಸ್ಸಿಗೆ ತಂದುಕೊಳ್ಳಲಾಗದೆ ತಾಯಿಯಿಂದ ಬೈಸಿಕೊಂಡದ್ದರ ಬಗ್ಗೆ. ಆ ವರ್ಷಗಳನ್ನು ಯಾರು ವಾಪಸ್ ಕೊಟ್ಟಾರು? ಅದನ್ನು ಇಬ್ಬರೂ ಕೇಳಲಿಲ್ಲ.

ಮನೆ ಬಂತು. ಬಾಗಿಲು ತೆರೆದೇ ಇತ್ತು. ಒಳಗೆ ಎದುರು ಗೋಡೆಯ ಮೇಲೆ ವೀರಭದ್ರಪ್ಪನವರ ಫೋಟೋ, ಅದಕ್ಕೆ ಉಮಾಬಾಯಿ ಬೆಳಗ್ಗೆ ಮುಡಿಸಿದ ಹೂವು.

ಯಶವಂತ ಚಪ್ಪಲಿ ಬಿಟ್ಟ. ಆದರೆ ಹೊಸ್ತಿಲು ದಾಟಲು ಅವನ ಕಾಲು ಏಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಆ ಫೋಟೋವನ್ನೇ ನೋಡುತ್ತ ನಿಂತುಬಿಟ್ಟ.

"ಹೇಗೆ ಬರ್ಲಿ ಕೃಪಾ ಒಳಗೆ? ಯಾವ ಮುಖ ಇಟ್ಕೊಂಡು?"

ಕೃಪಾ ಅವನ ಪಕ್ಕಕ್ಕೆ ಬಂದಳು.

"ಅವರು ಇರಬೇಕಾಗಿತ್ತು ರೀ..."

"ಇದ್ದಿದ್ರೆ... ನನ್ನ ನೋಡಿ ಏನಂತಿದ್ರು?"

"ಬೈತಿದ್ರು ಅನ್ಕೊಂಡ್ರೇನು?" ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು. "ಎದ್ದು ಬಾಗಲಕ್ಕ ಬಂದು, 'ಆರಾಮ ಇದ್ದೀಯಲ್ಲಪಾ, ಅಷ್ಟು ಸಾಕು' ಅಂತಿದ್ರು."

ಯಶವಂತ ಬಾಗಿಲಿಗೆ ಹಣೆ ಒತ್ತಿ ಮಗುವಿನಂತೆ ಅತ್ತುಬಿಟ್ಟ. ಒಳಗಿನಿಂದ ಉಮಾಬಾಯಿಯ ಬಳೆಯ ಸದ್ದು ಹತ್ತಿರ ಬರುತ್ತಿತ್ತು. ಕೃಪಾ ಅವನ ಕೈ ಬಿಡಲಿಲ್ಲ.

"ಒಳಗ ಬರ್ರಿ," ಎಂದಳು. "ಅಪ್ಪಗ ನಾನ ಹೇಳ್ತೀನಿ, ನೀವು ಬಂದೀರಿ ಅಂತ."